ತಪಕೀರ ಡಬ್ಬಿ ಮತ್ತು ನಮ್ಮ ಶೌರ್ಯ

ಎಂಬತ್ತರ ದಶಕದಲ್ಲಿ ನಮ್ಮ ಚಿಕ್ಕೋಡಿ ಕಡೆ ಕಾಲೇಜಿನ ಗ್ಯಾದರಿಂಗ್ ಎಂದರೆ ಫಿಶ್‌ಪಾಂಡ್. ಯಾರೋ ಹೆಸರು ಹಾಕದೆ ಬರೆದ ಚುಚ್ಚುಮಾತನ್ನು ಸ್ಟೇಜಿನಿಂದ ಓದುವುದು. ಚುಚ್ಚಿಸಿಕೊಂಡವರು ಮೇಲೆ ಬಂದು, ಕೊಟ್ಟ ಕಾಣಿಕೆ ಇಸಿದುಕೊಂಡು, ಹಲ್ಲು ಕಿರಿದು ಇಳಿಯುವುದು. ನಗದಿದ್ದರೆ ಅವರಿಗೇ ಹಾಸ್ಯದ ಗಂಧವಿಲ್ಲ ಎಂದು ತೀರ್ಪು. ಆ ವರ್ಷ ಅದನ್ನೆಲ್ಲ ಸೈಕ್ಲೋಸ್ಟೈಲ್ ಮಾಡಿ ನಾಲ್ಕು ಪುಟದ ಪತ್ರಿಕೆಯಾಗಿಯೂ ಹಂಚಿದೆವು. ಸಂಪಾದಕ ನಾನು. ಅಬ್ಬಬ್ಬಾ, ಏನು ಗತ್ತು! ಬೆರಳಿಗೆ ಹತ್ತಿದ ಮಸಿಯನ್ನು ಎರಡು ದಿನ ತೊಳೆಯಲಿಲ್ಲ.

‘ನಿರ್ಭೀತ ಪತ್ರಿಕೆ’ ಎಂದು ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದೆ. ಕಾಲೇಜಿನ ಆಡಳಿತ ಮಂಡಳಿಯ ಚೇರಮನ್ನರ ಮಗ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದರ ಮೇಲೂ ಒಂದು ಸಾಲು ಬರೆದಿದ್ದೆ. ಗೆಳೆಯನೊಬ್ಬ ಓದಿ, “ಲೇ, ಹಾಲ್ ಟಿಕೆಟ್ ಬೇಕೋ ಬ್ಯಾಡೋ ನಿನಗ?” ಎಂದ. ನಿರ್ಭೀತ ಸಂಪಾದಕ ಆ ಸಾಲನ್ನು ಅಲ್ಲೇ ಕಿತ್ತುಹಾಕಿದ. ಖಾಲಿ ಜಾಗ ತುಂಬಲು ತಿರುಗಿ ಕೇಳದವರು ಯಾರಾದರೂ ಬೇಕಿತ್ತಲ್ಲ!

ನಿಪ್ಪಾಣಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳಿದ್ದಳು. ತಾಯಿಗೆ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಕೆಲಸ. ಬೆಳಿಗ್ಗೆ ಇವಳೂ ಅಲ್ಲಿ ಎರಡು ತಾಸು ತಂಬಾಕು ಜರಡಿ ಹಿಡಿದು, ಅದೇ ಬಟ್ಟೆಯಲ್ಲಿ ಕ್ಲಾಸಿಗೆ ಬರುತ್ತಿದ್ದಳು. ‘ಈಕೆಯ ಹಾಜರಿ ಕೂಗಬೇಕಿಲ್ಲ, ಬಾಗಿಲಿಗೆ ಬಂದರೆ ಕ್ಲಾಸೆಲ್ಲ ಸೀನುತ್ತದೆ’ ಎಂದು ಬರೆದೆ. ಕಾಣಿಕೆಯಾಗಿ ನಶ್ಯದ ಡಬ್ಬಿ, ನಮ್ಮ ಮಾತಿನಲ್ಲಿ ತಪಕೀರ ಡಬ್ಬಿ.

ಅವಳು ಸ್ಟೇಜು ಹತ್ತುತ್ತಿದ್ದಂತೆ ಇಡೀ ಸಭೆ ಸೀನಿತು. ಪ್ರಿನ್ಸಿಪಾಲರೂ ಕರವಸ್ತ್ರ ಅಡ್ಡ ಹಿಡಿದು ನಕ್ಕರು. ಅವಳು ಡಬ್ಬಿ ಇಸಿದುಕೊಂಡು, ಪದ್ಧತಿಯಂತೆ ನಕ್ಕು ಇಳಿದಳು. ಮರುದಿನದಿಂದ ಬರಲಿಲ್ಲ. ಪರೀಕ್ಷೆಯ ಫಾರ್ಮ್ ತುಂಬಲು ಅದೇ ಕೊನೆಯ ವಾರ.

ನಾಲ್ಕನೆಯ ದಿನ ಅವಳ ತಾಯಿ ಬಂದಳು. ಗೇಟಿನಲ್ಲಿ ಸಿಕ್ಕಿದ್ದು ನಾನೇ, ನನ್ನ ಕರ್ಮ.

“ತಮ್ಮಾ, ಶಾಣ್ಯಾ ಕಾಣತಿ. ನಮ್ಮ ಹುಡಗಿ ಪರೀಕ್ಷಾ ಒಲ್ಲೆ ಅಂತ ಕುಂತಾಳ. ಈ ಹಾಳಿ ಹಾಸಗಿ ಕೆಳಗ ಮುಚ್ಚಿಟ್ಟಿದ್ಲು. ನನಗ ಓದಾಕ ಬರೂದಿಲ್ಲ. ಆಕಿ ಸಲುವಾಗಿ ಏನ್ ಬರದಾರ, ಒಂಚೂರ ಹೇಳಪಾ.”

ನನ್ನ ಪತ್ರಿಕೆಯನ್ನು ನನ್ನ ಕೈಗೇ ಕೊಟ್ಟಳು. ಮಾರುದೂರದಲ್ಲಿ ನಿಂತಿದ್ದಳು, ಸೀರೆಗೆ ತಂಬಾಕಿನ ವಾಸನೆಯಿತ್ತು. ನನಗೆ ಸೀನು ಬರಲೇ ಇಲ್ಲ.

“ಭಾಳ ಶಾಣ್ಯಾಕಿ, ಕಾಲೇಜಿಗೆ ಹೆಸರು ತರ್ತಾಳ ಅಂತ ಬರದಾರ್ರೀ ಅವ್ವಾ,” ಎಂದೆ.

ಅವಳ ಮುಖ ಅರಳಿತು. “ಅಯ್ಯ, ಹಂಗಂದ್ರ ಅಳೂದ್ಯಾಕ ಹುಚ್ಚಿ?” ಹಾಳೆಯನ್ನು ಇಸಿದುಕೊಂಡು, ಮಡಿಕೆ ಹರಿಯದಂತೆ ಮಡಚಿ ಸೊಂಟಕ್ಕೆ ಸಿಗಿಸಿದಳು. “ನಾಳೆ ವಖಾರ್ಯಾಗ ನಮ್ಮ ಕೆಲಸಾ ನೋಡೂ ಮುಕಾದಮಗ ಕೊಡ್ತೀನಿ. ಎಲ್ಲಾ ಹೆಣ್ಮಕ್ಕಳಿಗೂ ಕೇಳೂ ಹಂಗ ಓದ್ರಿ ಅಂತೀನಿ.”

ಬಸ್ ಸ್ಟ್ಯಾಂಡಿನ ತನಕ ಅವಳು ನಡೆದು ಹೋದದ್ದು ಕಾಣುತ್ತಿತ್ತು. “ಅವ್ವಾ, ನಿಲ್ಲು, ಅದನ್ನ ಬರದಾಂವ ನಾನಽ” ಎಂದು ಒದರಿದ್ದರೆ ಕೇಳುವಷ್ಟೇ ದೂರ. ಥೂ ನನ್ನ ಹೇಡಿ ಜನ್ಮ, ಒದರಲಿಲ್ಲ.

ಮುಂದಿನ ವಾರ ಹಾಜರಿಯಲ್ಲಿ ಮಾಸ್ತರರು ಆ ಹುಡುಗಿಯ ಹೆಸರನ್ನು ಎರಡು ಸಲ ಕೂಗಿ, ಗೀಟೆಳೆದರು. ಯಾರೂ ಸೀನಲಿಲ್ಲ.