ಸಂಜೆಗೆ ಸಡಿಲಿಸುವ ತಿರುಪು

ಕೊಳ್ಳುವವನ ಕಣ್ಣಿನಿಂದ ನೋಡಿದರೆ ಜಟ್ಟಪ್ಪ ಲಾಭದ ಮಾಲಲ್ಲ. ವಯಸ್ಸು ಐವತ್ತು ದಾಟಿದೆ. ಮೈತೂಕ ಒಂದು ಚೀಲ ಭತ್ತಕ್ಕಿಂತ ಕಡಿಮೆ. ಬಲಗಿವಿ ಮಂದ, ಎಡಗೈ ಕಿರುಬೆರಳು ಅರ್ಧ. ಮಾತಂತೂ ಇಡೀ ದಿನಕ್ಕೆ ಒಂದು ಬೊಗಸೆ. ಅದರಲ್ಲೂ ಅರ್ಧ ಯಂತ್ರಕ್ಕೇ ಖರ್ಚಾಗುತ್ತದೆ. ಶಿಕಾರಿಪುರದಲ್ಲಿ ಎತ್ತಿನ ಗಾಡಿ ಮಾಡಿಸಿ ಮಾರುವ ಗಂಗಾಧರಪ್ಪ ಇಂಥವನನ್ನು ಹನ್ನೊಂದು ವರ್ಷದ ಹಿಂದೆ ಇಟ್ಟುಕೊಂಡದ್ದು ದಯೆಯಿಂದೇನಲ್ಲ. ಹಳೆಯದೊಂದು ಬ್ಯಾಂಡ್ ಗರಗಸವನ್ನು ಅಗ್ಗಕ್ಕೆ ಹೊಡೆದುಕೊಂಡು ಬಂದಿದ್ದ. ಅದು ಜಟ್ಟಪ್ಪನ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಮೇಲೊಂದು ಕೆಳಗೊಂದು ಚಕ್ರ, ಎರಡರ ಅಂಚಿಗೂ ಅಂಟಿಸಿದ ರಬ್ಬರು, ಎರಡನ್ನೂ ಸುತ್ತಿಕೊಂಡು ಓಡುವ ಹಲ್ಲಿನ ಪಟ್ಟಿ. ಆಯಿಲ್ ಇಂಜಿನ್ ಬೆಲ್ಟು ಎಳೆದರೆ ಸಾಕು, ಗಾಲಿಗೆ ಬೇಕಾದ ಬಾಗಿದ ತುಂಡುಗಳನ್ನು ಸೌತೆಕಾಯಿ ಹೆಚ್ಚಿದಂತೆ ಕೊಯ್ದು ಹಾಕುತ್ತಿತ್ತು. ಸಂಜೆ ಇಂಜಿನ್ ನಿಂತ ಮೇಲೆ ಜಟ್ಟಪ್ಪ ಪಟ್ಟಿಯನ್ನು ಬಿಗಿ ಹಿಡಿಯುವ ಮೇಲಿನ ಚಕ್ರದ ತಿರುಪನ್ನು ಮೂರು ಸುತ್ತು ಸಡಿಲಿಸುತ್ತಿದ್ದ. "ಮಲಕ್ಕೊ ಇನ್ನು," ಎನ್ನುತ್ತಿದ್ದ.

ಆಮೇಲೆ ಅಂಗಡಿ ಮೆಟ್ಟಿಲಿಗೆ ಬಂದು, ಗಂಗಾಧರಪ್ಪನ ಡಬ್ಬಿಯಿಂದ ಎರಡು ಎಲೆ ತೆಗೆದುಕೊಂಡು ಸುಣ್ಣ ಸವರುತ್ತ ಕೂರುತ್ತಿದ್ದ. ಗಂಗಾಧರಪ್ಪ ಪೇಟೆಯ ಸುದ್ದಿ ಹೇಳುವುದು, ಅವನು ಎಡಗಿವಿ ಕೊಡುವುದು. ಜಟ್ಟಪ್ಪನ ಹೆಂಡತಿ ವರದಮ್ಮ ತೀರಿಕೊಂಡ ವರ್ಷವೇ ಅವನು ಊರು ಬಿಟ್ಟು ಬಂದದ್ದು. ಮಕ್ಕಳಿಲ್ಲ. ವಾಸ ಗರಗಸದ ಹಿಂದಿನ ತಗಡಿನ ಮಾಡಿನಲ್ಲಿ. ಇಡೀ ದಿನದಲ್ಲಿ ಮನುಷ್ಯರ ಜೊತೆ ಅವನು ಕೂರುತ್ತಿದ್ದದ್ದು ಆ ಎರಡು ಎಲೆ ಮುಗಿಯುವವರೆಗೆ ಮಾತ್ರ.

ಸಾವಿರದ ಒಂಬೈನೂರ ಐವತ್ತೆಂಟರ ಆಯುಧಪೂಜೆಗೆ ಅವನು ಎಂದಿನಂತೆ ತಿರುಪು ಸಡಿಲಿಸಿ, ಗುಡವಿಯಲ್ಲಿರುವ ತಂಗಿ ಗುಡ್ಡಮ್ಮನ ಮನೆಗೆ ಹೋದ. ಪೂಜೆಗೆ ಬಂದ ಗಂಗಾಧರಪ್ಪನಿಗೆ ಪಟ್ಟಿ ಬಿಚ್ಚಿದ ಪಂಚೆಯ ಹಾಗೆ ಜೋಲುತ್ತಿರುವುದು ಕಂಡಿತು. ಪೂಜೆಗೆ ಕೂತದ್ದು ಹೀಗಿದ್ದರೆ ಶೋಭೆಯೇ ಎಂದುಕೊಂಡು, ವಿಭೂತಿ ಕಲಸಿದ ಕೈಯಲ್ಲೇ ತಿರುಪನ್ನು ಬಿಗಿ ಮಾಡಿ, ಹಾರ ಹಾಕಿ, ಬಾಗಿಲಿಗೆ ಬೀಗ ಜಡಿದು ಸೊರಬದ ಮಗಳ ಮನೆಗೆ ಹೋಗಿ ಎಂಟು ದಿನ ಹೋಳಿಗೆ ಉಂಡ.

ಬಂದು ಇಂಜಿನ್ ಹಾಕಿಸಿದರೆ ಸುತ್ತಿಗೊಮ್ಮೆ ಟಕ್ ಎಂಬ ಪೆಟ್ಟು. ಮಧ್ಯಾಹ್ನದೊಳಗೆ ಪಟ್ಟಿ ಎರಡು ಸಲ ತುಂಡಾಯಿತು. ಸೊರಬದ ಗುಜರಿ ವ್ಯಾಪಾರಿ ಉಚ್ಚಂಗಪ್ಪ ಸುದ್ದಿ ಕೇಳಿ ಮಾರನೇ ಬೆಳಿಗ್ಗೆಯೇ ಹಾಜರು.

"ಇದರ ಆಯುಷ್ಯ ಮುಗೀತು ರೀ ಗಂಗಾಧರಪ್ಪೋರೆ. ಕಬ್ಬಿಣದ ತೂಕಕ್ಕೆ ಕೊಡಿ. ನಾಡಿದ್ದು ಗಾಡಿ ತರ್ತೀನಿ."

"ತಗೊಂಡು ಹೋಗ್ರಿ ಅತ್ಲಾಗೆ," ಎಂದ ಗಂಗಾಧರಪ್ಪ.

ಗರಗಸ ಹೋದರೆ ತಗಡಿನ ಮಾಡೂ ಇಲ್ಲ, ಜಟ್ಟಪ್ಪನೂ ಇಲ್ಲ. ಅದು ಬಡಗಿಗಳಿಗೆಲ್ಲ ಗೊತ್ತಿತ್ತು. ಜಟ್ಟಪ್ಪ ಮಾತ್ರ, "ಎರಡು ದಿನ ಅದೆಯಲ್ಲ ರೀ, ನೋಡ್ತೀನಿ," ಎಂದ.

ಮೊದಲು ಪಟ್ಟಿಯ ಬೆಸುಗೆಯನ್ನು ಉಗುರಿನಿಂದ ಸವರಿ ನೋಡಿದ, ನುಣ್ಣಗಿತ್ತು. ಬೇರಿಂಗಿಗೆ ಒಂದು ಕೋಲು ಆನಿಸಿ, ಅದರ ತುದಿಗೆ ಎಡಗಿವಿ ಇಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ ಕೇಳಿದ, ಸದ್ದಿಲ್ಲ. ಕೊನೆಗೆ ಪಟ್ಟಿ ಇಳಿಸಿ, ಸೀಮೆಸುಣ್ಣದ ತುಂಡನ್ನು ಅಲುಗದಂತೆ ಹಿಡಿದು, ಚಕ್ರದ ಅಂಚು ಅದಕ್ಕೆ ಸವರಿಕೊಂಡು ಹೋಗುವಂತೆ ಮೆಲ್ಲಗೆ ತಿರುಗಿಸಿದ. ಅರ್ಧ ರಬ್ಬರಿಗೆ ಬಿಳಿ ಹತ್ತಿತು, ಇನ್ನರ್ಧ ಕಪ್ಪಾಗಿಯೇ ಉಳಿಯಿತು.

"ರಬ್ಬರು ಒಂದು ಕಡೆ ತಗ್ಗಿ ಹೋಗಿದೆ ರೀ. ಬಿಗಿ ಇದ್ದಂಗೇ ಎಂಟು ದಿನ ನಿಂತದೆ."

ಗಂಗಾಧರಪ್ಪ ನಾಲ್ಕು ಜನ ಬಡಗಿಗಳ ಎದುರೇ ಅವನ ಮೇಲೆ ರೇಗಿದ. "ಹಬ್ಬಕ್ಕೆ ಓಡೋ ಆತುರದಾಗೆ ಹಂಗೇ ಬಿಟ್ಟು ಹೋಗೀಯಲ್ಲೋ. ತಂಗಿ ಮನೆ ಕಡುಬು ಅಷ್ಟು ರುಚಿ ಇತ್ತೇನು?" ಬಡಗಿಗಳು ನಕ್ಕರು.

ಜಟ್ಟಪ್ಪ ತಿರುಪಿನ ಹಿಡಿಯನ್ನು ನೋಡಿದ. ಗಂಗಾಧರಪ್ಪನೂ ಅತ್ತ ನೋಡಿದ. ಹಿಡಿಯ ಮೇಲೆ ಮೂರು ಬೆರಳಿನ ವಿಭೂತಿ ಒಣಗಿ ಕೂತಿತ್ತು. ಜಟ್ಟಪ್ಪ ಹೆಗಲ ಮೇಲಿನ ಎಣ್ಣೆಬಟ್ಟೆ ತೆಗೆದು ಅದನ್ನು ನಿಧಾನವಾಗಿ ಒರೆಸಿದ.

"ಇರಬೌದು ರೀ. ನಂದೇ ಮರೆವು."

ಗಂಗಾಧರಪ್ಪ ಬಾಯಿ ತೆರೆದ. ಬಡಗಿಗಳು ಅಲ್ಲೇ ನಿಂತಿದ್ದರು. "ಹೂಂ, ನೋಡು ನೋಡು, ಜಲ್ದಿ ನೋಡು," ಎಂದು ಅಂಗಡಿಗೆ ಹೋದ.

ಎರಡು ದಿನ ಜಟ್ಟಪ್ಪ ಮರದ ತುಂಡಿಗೆ ಉಪ್ಪುಕಾಗದ ಸುತ್ತಿ, ಚಕ್ರವನ್ನು ಬೆರಳಗಲದಷ್ಟು ಸರಿಸುತ್ತ, ಉಬ್ಬಿದ್ದ ರಬ್ಬರನ್ನು ಉಜ್ಜಿ ತಗ್ಗಿನ ಸಮಕ್ಕೆ ತಂದ. ಮೂರನೇ ದಿನ ಉಚ್ಚಂಗಪ್ಪನ ಗಾಡಿ ಬರುವ ಹೊತ್ತಿಗೆ ಗರಗಸ ಪೆಟ್ಟಿಲ್ಲದೆ ಓಡುತ್ತಿತ್ತು.

"ಗರಗಸ ಬ್ಯಾಡ ಬಿಡಿ, ಈ ಮನುಷ್ಯನ್ನಾದ್ರೂ ಕೊಡಿ," ಎಂದ ಉಚ್ಚಂಗಪ್ಪ.

"ತೂಕಕ್ಕೆ ಹಾಕಿದ್ರೆ ನಿಮಗೆ ನಷ್ಟ ರೀ," ಎಂದು ಗಂಗಾಧರಪ್ಪ ನಕ್ಕ. ಜಟ್ಟಪ್ಪನಿಗೆ ಅದು ಯಾವ ಕಿವಿಗೆ ಬಿತ್ತೋ.

ಅಂದಿನಿಂದ ಅವನು ಮೆಟ್ಟಿಲಿಗೆ ಬರಲಿಲ್ಲ. "ಬಾರೋ, ಎಲೆ ಹಾಕ್ಕೊ," ಎಂದು ಕರೆದರೆ, "ಕೆಲಸ ಅದೆ ರೀ," ಎನ್ನುತ್ತಿದ್ದ. ಇಂಜಿನ್ ನಿಂತ ಮೇಲೆ ಇನ್ನೇನು ಕೆಲಸ? ಗಂಗಾಧರಪ್ಪ ಹೋಗಿ ಇಣುಕಿದರೆ ಅವನು ತಿರುಪು ಸಡಿಲಿಸಿ, ಯಂತ್ರದ ಪಕ್ಕ ಸುಮ್ಮನೆ ಕೂತಿರುತ್ತಿದ್ದ. ಡಬ್ಬಿಯಲ್ಲಿ ಎರಡು ಎಲೆ ಬಾಡುತ್ತಿದ್ದವು.

ಮರುವರ್ಷದ ಆಯುಧಪೂಜೆಗೆ ಗುಡವಿಗೆ ಹೊರಡುವ ಮುನ್ನ ಜಟ್ಟಪ್ಪ ತಿರುಪನ್ನು ಸಡಿಲಿಸಿ, ಹಿಡಿಗೆ ಒಂದು ನೂಲು ಸುತ್ತಿ ಗಂಟು ಹಾಕಿ ಹೋಗಿದ್ದ. ಗಂಗಾಧರಪ್ಪ ವಿಭೂತಿಯನ್ನು ಯಂತ್ರದ ಕಾಲಿಗೆ ಹಚ್ಚಿದ. ಗಂಟನ್ನು ಮುಟ್ಟಲಿಲ್ಲ.

ತಿರುಪು ಬಿಗಿ ಮಾಡಿದವನು ತಾನು ಎಂದು ಆ ನಾಲ್ಕು ಬಡಗಿಗಳ ಎದುರು ಹೇಳುವ ಒಂದು ಮಾತನ್ನು, ಇದನ್ನು ಬರೆದ ಗಂಗಾಧರಪ್ಪ ಜಟ್ಟಪ್ಪನಿಗೆ ಇನ್ನೂ ಕೊಡಬೇಕು.