ಹೆಣ್ಣು ನೋಡಲು ಮೂರು ಆಲ್ಬಮ್

"ಮಾವ, ಮರ್ಯಾದೆ ಉಳಿಸು. ಯಾರು ಕೇಳಿದ್ರೂ ಅಡ್ಡಿಲ್ಲೆ ಅನ್ನುವಂಥ ಮೂರು ಆಲ್ಬಮ್ ಹೇಳು."

ಹಲ್ಲುಜ್ಜುತ್ತಿದ್ದಾಗ ಬಂದ ಫೋನು. ಮಾಡಿದವನು ಮತ್ತಿಘಟ್ಟದ ಸುಬ್ಬು, ನನ್ನ ಅಕ್ಕನ ಮಗ. ಮೂವತ್ತೈದು ದಾಟಿದೆ, ಮದುವೆ ಕುದುರಿಲ್ಲ. (ನಮ್ಮ ಕಡೆ ಇದು ಸುದ್ದಿಯೇ ಅಲ್ಲ.) ಈಗ ತ್ಯಾಗಲಿಯ ಹುಡುಗಿಯೊಬ್ಬಳು ಭಾನುವಾರ ಶಿರಸಿಯಲ್ಲಿ ಸಿಗಲು ಒಪ್ಪಿದ್ದಾಳೆ. ಹೆಸರು ಸಹನಾ, ಯಲ್ಲಾಪುರದಲ್ಲಿ ಲ್ಯಾಬ್ ಟೆಕ್ನಿಷಿಯನ್. ವಾಟ್ಸಪ್‌ನಲ್ಲಿ ಆಕೆ ಜಾತಕ ಕೇಳಿಲ್ಲ, ತೋಟ ಎಷ್ಟೆಂದೂ ಕೇಳಿಲ್ಲ. ನೀವು ಯಾವ ಮ್ಯೂಸಿಕ್ ಕೇಳುತ್ತೀರಿ ಎಂದು ಕೇಳಿದ್ದಾಳೆ.

"ಈ ಕೂಸೂ ಕೈ ತಪ್ಪಿದ್ರೆ ಆನು ಇನ್ನು ನೋಡೂಲೆ ಹೋಗ್ತ್ನಿಲ್ಲೆ" ಅಂದ. (ನಮ್ಮ ಮಾತಿನಲ್ಲಿ ಕೂಸು ಅಂದರೆ ಹುಡುಗಿ, ಆನು ಅಂದರೆ ನಾನು.) ದನಿಯಲ್ಲಿ ತಮಾಷೆ ಇರಲಿಲ್ಲ. ಪಾಪ ಅನಿಸಿತು.

ಸಂಗೀತದ ಸಲಹೆ ಕೇಳಿದರೆ ನಾನು ಬಿಡುವವನೇ? ಹಿಂದಿನ ತಿಂಗಳು ಇದೇ ಅಂಕಣದಲ್ಲಿ ಬರೆದ ಮೂರನ್ನೇ ಕಳಿಸಿದೆ. ತನ್ನ ಬೀದಿಯ ಕಥೆಯನ್ನು ಉಸಿರು ಬಿಡದೆ ಹೇಳುವವನ ಹಿಪ್‌ಹಾಪ್. ನಾಲ್ವರು ಹುಡುಗರು ಗ್ಯಾರೇಜಿನಲ್ಲಿ ಗಿಟಾರ್ ಕೆರೆದು ಮಾಡಿದ ಇಂಡಿ ರಾಕ್. ಮತ್ತೆ ಅಮೆರಿಕದ ಸೋಲ್ ಸಂಗೀತದ ಹಳೆಯ ಗಾಯಕಿಯೊಬ್ಬಳದು, ಬಿಟ್ಟುಹೋದವನನ್ನು ಬೈಯದೆ ಕರೆಯುವ ದನಿ. ಜೊತೆಗೆ ಏನೇನು ಹೇಳಬೇಕೆಂದೂ ಹೇಳಿಕೊಟ್ಟೆ.

ಭಾನುವಾರ ಐಸ್‌ಕ್ರೀಮ್ ಅಂಗಡಿ. ಅವರಿಬ್ಬರದು ಒಂದು ಟೇಬಲ್. ಪಕ್ಕದ ಟೇಬಲ್ಲಿನಲ್ಲಿ, ಮೆನು ಕಾರ್ಡಿನ ಹಿಂದೆ ನಾನು. (ಕಾವಲಿಗಲ್ಲ, ಸುಬ್ಬುವಿನ ಧೈರ್ಯಕ್ಕೆ.)

ಸುಬ್ಬು ಕಂಠಪಾಠ ಒಪ್ಪಿಸಿದ. "ಇಂಡಿ ರಾಕಿನ ಸೌಂಡು ಒರಟು, ಆದರೆ ಪ್ರಾಮಾಣಿಕ."

ಸಹನಾ ಚಮಚ ಕೆಳಗಿಟ್ಟಳು. "ಇದು ಪೇಪರಲ್ಲಿ ಬಂದಿತ್ತು. ಆನೂ ಓದಿದ್ದಿ. ನಿಂಗಕ್ಕೆ ಎಂತ ಅನಿಸ್ತು, ಅದ್ನ ಹೇಳಿ."

ನನಗೆ ಓದುಗರಿದ್ದಾರೆಂದು ಹಿಗ್ಗಬೇಕೋ, ಅಳಿಯನ ಮದುವೆ ಮುರಿಯಿತೆಂದು ಅಳಬೇಕೋ? ಸುಬ್ಬು ನನ್ನತ್ತ ನೋಡಿದ. ಮೂರೂ ಚೆನ್ನಾಗಿದೆ ಅನ್ನು ಎಂದು ಸನ್ನೆ ಮಾಡಿದೆ. ಪುಣ್ಯಾತ್ಮ ಕಣ್ಣು ತಿರುಗಿಸಿಬಿಟ್ಟ.

"ಹಿಪ್‌ಹಾಪ್ ಅರ್ಧಕ್ಕೇ ನಿಲ್ಸಿದಿ. ಯಾರೋ ನಂಗೇ ಬೈದಂಗೆ ಆಗ್ತಿತ್ತು. ಕಳೆ ಹೊಡೆಯ ಮಷಿನ್ ಹಿಡ್ಕಂಡು ಇಯರ್‌ಫೋನ್ ಹಾಕಿದ್ರೆ, ಇಂಡಿ ರಾಕ್ ಯಾವ್ದು, ಮಷಿನ್ ಯಾವ್ದು ಗೊತ್ತೇ ಆಜಿಲ್ಲೆ." ಮತ್ತೆ ಮೆಲ್ಲಗೆ ಅಂದ, "ಆ ಹೆಂಗಸು ಹಾಡಿದ್ದು ಮಾತ್ರ ಮಷಿನ್ ಬಂದ್ ಮಾಡಿ ಕೇಳಿದಿ. ಎಂತ ಹೇಳ್ತು ತಿಳಿದಿಲ್ಲೆ. ಕಣ್ಣಲ್ಲಿ ನೀರು ಬಂತು."

ಮುಗಿಯಿತು ಕಥೆ ಅಂದುಕೊಂಡೆ. ನನಗೆ ಸಿಟ್ಟೇ ಬಂತು. ಒಂದು ಸುಳ್ಳು ಹೇಳಲು ಬರದವನು ಸಂಸಾರ ಹೇಗೆ ಮಾಡುತ್ತಾನೆ?

ಹೊರಡುವಾಗ ಸಹನಾ ಸೀದಾ ನನ್ನ ಟೇಬಲ್ಲಿಗೆ ಬಂದಳು. ಮೆನು ಕಾರ್ಡಿನ ಹಿಂದಿರುವವನು ಯಾರೆಂದು, ಅಂಕಣದ ಫೋಟೋ ನೋಡಿದ್ದ ಅವಳಿಗೆ ಮೊದಲೇ ಗೊತ್ತಾಗಿತ್ತು.

"ಇಷ್ಟು ದಿನ ಬಂದವ್ವೆಲ್ಲ ಎಂತ ಕೇಳಿದ್ರೂ ಅಡ್ಡಿಲ್ಲೆ ಹೇಳವ್ವೇಯ. ಕೆಲಸ ಬಿಡ್ತ್ನಿಲ್ಲೆ ಅಂದ್ರೂ ಅಡ್ಡಿಲ್ಲೆ, ಅಡುಗೆ ಬತ್ತಿಲ್ಲೆ ಅಂದ್ರೂ ಅಡ್ಡಿಲ್ಲೆ. ಒಂದಾದ್ರೂ ಬ್ಯಾಡ ಅಂದವ ಇವೊಬ್ನೇ. ಇವ ಹೌದು ಅಂದ್ರೆ ನಂಬಲಕ್ಕು."

ಇವನ ಹೌದನ್ನು ನಂಬಬಹುದಂತೆ! ಹೆಣ್ಣು ಸಿಗದ ಭಯಕ್ಕೆ ನಮ್ಮ ಹುಡುಗರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ನಿಜ. ಆದರೆ ಹಳ್ಳಿ ಗುಗ್ಗು ಅನ್ನಿಸಿಕೊಳ್ಳುವ ಭಯಕ್ಕೆ, ಯಾರೋ ಹೊಗಳಿದ ಸಿನಿಮಾಕ್ಕೂ ಹಾಡಿಗೂ ಹೋಟೆಲಿನ ಪಾಸ್ತಾಕ್ಕೂ ನಾವೆಲ್ಲ ಮಾಡುವುದು ಅದನ್ನೇ ತಾನೆ?

ಮಾರ್ಗಶಿರದಲ್ಲಿ ಮದುವೆ. ನಾನು ಹೊಗಳಿದ್ದರಲ್ಲಿ ಎರಡನ್ನು ಬೇಡವೆಂದವನಿಗೆ ಹುಡುಗಿ ಸಿಕ್ಕಳು. ಹಿಂದಿನ ತಿಂಗಳ ಅಂಕಣ ಓದಿ 'ಮೂರೂ ಸೂಪರ್ ಸರ್' ಎಂದು ನನಗೆ ಮೆಸೇಜ್ ಹಾಕಿದಿರಲ್ಲ, ನೀವು ನಿಜವಾಗಿ ಕೇಳಿದ್ದಿರಾ?