ಹಲಸು ತಟ್ಟುವ ಅದ್ರಾಮಾಕ

ಕಡಬದಿಂದ ಪಂಜದವರೆಗೆ ಯಾವ ಹಿತ್ತಲ ಹಲಸು ಯಾವಾಗ ಬೆಳೆಯುತ್ತದೆ ಎಂದು ತಿಳಿಯಬೇಕಾದರೆ ಮರದ ಯಜಮಾನರನ್ನು ಕೇಳಿ ಪ್ರಯೋಜನವಿಲ್ಲ, ಅದ್ರಾಮಾಕರನ್ನೇ ಕೇಳಬೇಕು. ಅರುವತ್ತೆರಡರ ಈ ಬ್ಯಾರಿ ಕತ್ತಿಯ ಹಿಂಬದಿಯಿಂದ ಕಾಯಿಗೆ ಎರಡು ಸಲ ತಟ್ಟಿ, ತಲೆ ವಾಲಿಸಿ, "ಬೆಳ್ದಿದೆ, ಇಳಿಸಿ" ಎಂದರೆ ಮುಗಿಯಿತು. ಹಪ್ಪಳಕ್ಕೆ ಅಂಥ ಕಾಯಿಯೇ ಬೇಕು. ಎಳೆಯದಾದರೆ ಹಪ್ಪಳ ಬಿರಿಯುತ್ತದೆ, ಹಣ್ಣಾದರೆ ಲಟ್ಟಿಸಲಿಕ್ಕೇ ಬರುವುದಿಲ್ಲ.

ಈ ವಿದ್ಯೆಗೆ ಊರವರು ಕೊಟ್ಟ ಬಿರುದುಗಳನ್ನು ಕೇಳಬೇಕು ನೀವು. ಪಂಜದಲ್ಲಿ ಹೆಂಗಸರನ್ನು ಸೇರಿಸಿಕೊಂಡು ಹಪ್ಪಳ ಮಾಡಿಸುವ ಗೋದಾವರಿಯಕ್ಕ "ಹುಟ್ಟಿನಿಂದಲೇ ಬಂದದ್ದು" ಎನ್ನುತ್ತಿದ್ದರು. ಹೋಟೆಲಿನಲ್ಲಿ ಚಾ ಕುಡಿಯುವವರು "ರಕ್ತದಲ್ಲೇ ಉಂಟು ಮಾರಾಯ" ಎನ್ನುತ್ತಿದ್ದರು. ಕನ್ನಡ ಮಾಸ್ಟ್ರು ಗಿರಿಧರರಿಗೆ ಇಷ್ಟು ಸರಳವಾಗಿ ಹೇಳಿದರೆ ಉಂಡದ್ದು ಕರಗುವುದುಂಟೇ? ಅವರದ್ದು "ಜನ್ಮತಃ", ಖುಷಿಯಲ್ಲಿದ್ದರೆ "ಸ್ವಭಾವತಃ". ಕ್ಲಾಸಿನಲ್ಲಿ ವಾಕ್ಯವನ್ನೂ ಬರೆಸಿದ್ದರಂತೆ: 'ಬೆಂಕಿ ಸ್ವಭಾವತಃ ಬಿಸಿ, ಹಾಗಲಕಾಯಿ ಸ್ವಭಾವತಃ ಕಹಿ, ಅದ್ರಾಮ ಸ್ವಭಾವತಃ ಹಲಸಿನ ಪಂಡಿತ.'

ಪಂಡಿತರು ಅಲ್ಲವೆನ್ನಲಿಲ್ಲ. ಹೊಗಳಿಕೆ ಯಾರಿಗೆ ಬೇಡ ಹೇಳಿ! ಮಗಳು ಹನಾನ್ ಹತ್ತು ವರ್ಷದವಳಿದ್ದಾಗ "ಉಪ್ಪಾ, ನಂಗೂ ಹೇಳಿಕೊಡಿ" ಎಂದು ಕತ್ತಿಗೆ ಕೈ ಚಾಚಿದ್ದಳು. "ಇದು ಹೇಳಿಕೊಟ್ಟು ಬರುದಲ್ಲ ಮಗಳೇ, ಹುಟ್ಟುವಾಗಲೇ ಬರ್ಬೇಕು" ಎಂದುಬಿಟ್ಟರು. ಹುಡುಗಿ ನಂಬಿದಳು. ಈಗ ಇಪ್ಪತ್ತಾರರ ಹನಾನ್ ಅಪ್ಪನ ಗೂಡ್ಸ್ ಆಟೋ ಓಡಿಸುತ್ತಾಳೆ, ಹಗ್ಗ ಕಟ್ಟಿ ಕಾಯಿ ಇಳಿಸುತ್ತಾಳೆ, ಲೋಡು ಮಾಡುತ್ತಾಳೆ. ಆ ಕತ್ತಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಅದ್ರಾಮಾಕರ ಬಲಗಿವಿ ಮಂದವಾಯಿತು. ಆಮೇಲೆ ಎಡಗಿವಿಯೂ ಅದೇ ದಾರಿ ಹಿಡಿಯಿತು. ಅವರು ಯಾರಿಗೂ ಹೇಳಲಿಲ್ಲ. ತಟ್ಟುವುದು, ತಲೆ ವಾಲಿಸುವುದು ಎಲ್ಲ ಮೊದಲಿನ ಹಾಗೆಯೇ ನಡೆದಿತ್ತು, ಕೇಳುವುದೊಂದನ್ನು ಬಿಟ್ಟು.

ಮಾರ್ಚಿನಲ್ಲಿ ಗೋದಾವರಿಯಕ್ಕನ ಅಂಗಳಕ್ಕೆ ಹಾಕಿದ ನಲವತ್ತು ಕಾಯಿಯಲ್ಲಿ ಹನ್ನೊಂದು ಎಳೆಯವು. ಕೊಯ್ದರೆ ಸೊಳೆ ಬೆಳ್ಳಗೆ, ಬೀಜವಿನ್ನೂ ಮೆತ್ತಗೆ.

"ಎಂತ ಅದ್ರಾಮಾಕ, ಯಾರ ಕಣ್ಣು ಬಿತ್ತು ನಿಮ್ಗೆ?" ಎಂದು ಗೋದಾವರಿಯಕ್ಕ ನಕ್ಕರು. ಮತ್ತೆ ನಗು ನಿಲ್ಲಿಸಿ, "ವಿಷು ಕಳ್ದ ಮೇಲೆ ನಂಗೆ ಅರುವತ್ತು ಬೇಕು. ಹೀಗೇ ಆದ್ರೆ ಪುತ್ತೂರಿನವರಿಗೆ ಹೇಳುದು ನಾನು, ಬೇಜಾರು ಮಾಡ್ಬೇಡಿ" ಎಂದರು.

ಹಿಂದಿರುಗುವಾಗ ಹನಾನ್ ಆಟೋವನ್ನು ದಾರಿ ಬದಿಗೆ ನಿಲ್ಲಿಸಿ ಅಪ್ಪನ ಕಿವಿಯ ಹತ್ತಿರ ಬಾಗಿದಳು. "ನಿಮ್ಗೆ ಕೇಳುದಿಲ್ಲ ಅಲ್ವಾ ಉಪ್ಪಾ? ಹಾರ್ನ್ ಹಾಕಿದ್ರೂ ತಿರುಗುದಿಲ್ಲ ನೀವು."

ಅದ್ರಾಮಾಕ ರಸ್ತೆ ನೋಡಿದರು.

"ಹಾಗಾದ್ರೆ ಈ ಕೆಲಸ ಬಿಡುವ. ನಂಗೂ ಬರುದಿಲ್ಲ. ಹುಟ್ಟಿನಿಂದ ಬಂದದ್ದಲ್ವಲ್ಲ ನಂಗೆ."

ಚುಚ್ಚಬೇಕೆಂದು ಆಡಿದ ಮಾತಲ್ಲ. ಮಳೆಗಾಲದಲ್ಲಿ ಮಳೆ ಬರುತ್ತದೆ ಎನ್ನುವಷ್ಟು ಸಲೀಸಾಗಿ ಹೇಳಿದ್ದಳು. ಅದಕ್ಕೇ ಅದ್ರಾಮಾಕ ಮಗಳತ್ತ ತಿರುಗಿದರು.

"ಸುಳ್ಳು ಅದು" ಎಂದರು. "ಮೊದಲ ವರ್ಷ ನಾನು ಇಳಿಸಿದ್ದೆಲ್ಲ ಎಳೆಯದ್ದು. ಒಬ್ಬರು ತೋಟದಿಂದ ಓಡಿಸಿದ್ರು ನನ್ನನ್ನು. ಆಮೇಲೆ ಮೂರು ವರ್ಷ ಮನೆಯಲ್ಲಿ ಕೂತು, ನಾನು ತಟ್ಟಿ ಹೇಳುದು, ನನ್ನ ಉಮ್ಮ ಕೊಯ್ದು ನೋಡುದು. ತಪ್ಪಿದ್ದನ್ನೆಲ್ಲ ಪಲ್ಯ ಮಾಡಿ ತಿಂದೆವು. ಕೊನೆಗೆ ಉಮ್ಮನಿಗೆ ಹಲಸು ಅಂದ್ರೆ ವಾಕರಿಕೆ."

"ಮತ್ತೆ ನಂಗೆ ಯಾಕೆ ಹಾಗೆ ಹೇಳಿದ್ರಿ?"

"ಕಲ್ತದ್ದು ಅಂದ್ರೆ ಯಾರೂ ಹೊಗಳುದಿಲ್ಲ ಮಗಳೇ."

"ಹದಿನಾರು ವರ್ಷ ಆಯ್ತು, ಉಪ್ಪಾ!" ಎಂದಳು ಹನಾನ್. ಗೇರು ಹಾಕಿ ಆಟೋವನ್ನು ಒಂದೇ ಉಸಿರಿಗೆ ಮನೆಗೆ ಓಡಿಸಿದಳು. ಸಿಟ್ಟು ಬರಬೇಕಾದದ್ದೇ, ನನಗಾದರೆ ಆಟೋದಿಂದಲೇ ಇಳಿಸಿಬಿಡುವಷ್ಟು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅದ್ರಾಮಾಕ ಕತ್ತಿಯನ್ನು ಹಿಡಿಯ ಕಡೆಯಿಂದ ಮಗಳತ್ತ ಚಾಚಿದರು. ಅವಳು ತೆಗೆದುಕೊಂಡಳು. ಮುಳ್ಳು ಒತ್ತೊತ್ತಾಗಿದ್ದರೆ ಎಳೆಯದು, ಅಗಲವಾಗಿ ಚಪ್ಪಟೆಯಾಗಿದ್ದರೆ ಬೆಳೆದದ್ದು ಎಂದು ತೋರಿಸಿದರು. "ಟಕ್ ಟಕ್ ಅಂದ್ರೆ ಬಿಡು, ಡೊಬ್ ಡೊಬ್ ಅಂದ್ರೆ ಇಳಿಸು." ಅವಳು ತಟ್ಟಿದಳು, ಹೇಳಿದಳು, ಕೊಯ್ದಳು. ತಪ್ಪಿತು. ಅವತ್ತು ಪಲ್ಯ. ಮರುದಿನವೂ ಪಲ್ಯ. ತಿಂಗಳು ಪೂರ್ತಿ ಆ ಮನೆಯ ಪಾತ್ರೆ ಬೇರೆ ತರಕಾರಿಯ ಮುಖ ನೋಡಲಿಲ್ಲ.

ವಿಷು ಕಳೆಯಿತು. ಅರುವತ್ತು ಕಾಯಿ ಪಂಜದ ಅಂಗಳಕ್ಕೆ ಬಂತು. ಹೆಂಗಸರು ಕೈಗೆ ಎಣ್ಣೆ ಸವರಿಕೊಂಡು ಕೊಯ್ಯುತ್ತ ಹೋದರು. ಎಳೆಯವು ಸಿಕ್ಕಿದ್ದು ನಾಲ್ಕೇ.

"ನೋಡಿ, ನೋಡಿ!" ಗೋದಾವರಿಯಕ್ಕ ಎಲ್ಲರಿಗೂ ಕೇಳುವಂತೆ ಕೂಗಿದರು. "ನಮ್ಮ ಅದ್ರಾಮಾಕನದ್ದು ಹುಟ್ಟಿನಿಂದ ಬಂದದ್ದು. ಅದು ಎಲ್ಲಿಗೆ ಹೋಗ್ತದೆ?"

ಅಷ್ಟು ಜೋರಿನ ಮಾತು ಅದ್ರಾಮಾಕರಿಗೂ ಕೇಳಿತು. ನಕ್ಕು ತಲೆಯಾಡಿಸಿದ್ದರೆ ಸಾಕಿತ್ತು, ನಲವತ್ತು ವರ್ಷದ ಹೆಸರು ಉಳಿಯುತ್ತಿತ್ತು. ಹನಾನ್ ಹಗ್ಗ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ.

"ತಟ್ಟಿದ್ದು ನಾನಲ್ಲ ಅಕ್ಕ, ಹನಾನ್" ಎಂದರು ಅದ್ರಾಮಾಕ. "ನಂಗೆ ಕಿವಿ ಕೇಳುದಿಲ್ಲ. ಮತ್ತೆ, ಹುಟ್ಟಿನಿಂದ ಬಂದದ್ದು ಅಲ್ಲ ಇದು. ಅವಳು ಕಲ್ತದ್ದು. ನಾನೂ ಕಲ್ತದ್ದೇ."

ಕೊಯ್ಯುವ ಕೈಗಳೆಲ್ಲ ನಿಂತವು. ಅದ್ರಾಮಾಕರಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗೋದಾವರಿಯಕ್ಕ ಅವರನ್ನು ನೋಡಿದರು, ಮಗಳನ್ನು ನೋಡಿದರು.

"ಹಾಗಾದ್ರೆ ಮುಂದಿನ ಅರುವತ್ತು ಹನಾನಿಗೇ ಹೇಳುದಾ ನಾನು?"

"ನಂಗೇ ಹೇಳಿ ಅಕ್ಕ" ಎಂದು ಹನಾನ್ ಹತ್ತಿರ ಬಂದಳು. ಬದಿಗೆ ಸರಿಸಿದ್ದ ನಾಲ್ಕು ಎಳೆಯ ಕಾಯಿಗಳತ್ತ ಕೈ ತೋರಿಸಿದಳು. "ಅದನ್ನು ಬಿಸಾಡ್ಬೇಡಿ. ನಮ್ಗೆ ಕೊಡಿ, ಪಲ್ಯಕ್ಕೆ."